ಕೂಲರ್‌ನ ಮೂರನೇ ಬಾಗಿಲು

ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ, ಆಶ್‌ವಿಲ್‌ಗೆ ಹೋಗುವ ಹೆದ್ದಾರಿಯ ಪಕ್ಕ ನನ್ನದೊಂದು ಪೆಟ್ರೋಲ್ ಬಂಕ್ ಇದೆ, ಅದಕ್ಕೆ ಹೊಂದಿಕೊಂಡಂತೆ ಬಿಯರ್ ಕೂಡ ಮಾರುವ ಒಂದು ಅಂಗಡಿ. ಕ್ರಾಫ್ಟ್ ಬಿಯರ್‌ಗೆ, ಅಂದರೆ ರುಚಿಗೇ ಒತ್ತು ಕೊಟ್ಟು ತಯಾರಿಸುವ ವಿಶೇಷ ಬಿಯರ್‌ಗಳಿಗೆ, ಹೆಸರಾದ ಸೀಮೆ ಇದು. ನ್ಯೂ ಬೆಲ್ಜಿಯಂ ಎಂಬ ಬಿಯರ್ ಕಂಪನಿಯವರ ಒಂದು ಘಟಕ ಆಶ್‌ವಿಲ್‌ನಲ್ಲಿ, ಇನ್ನೊಂದು ಕಂಪನಿ ಸಿಯೆರಾ ನೆವಾಡಾದವರದು ಹತ್ತಿರದ ಮಿಲ್ಸ್ ರಿವರ್ ಊರಿನಲ್ಲಿ. 2005ಕ್ಕೆ ಮುಂಚೆ ಈ ರಾಜ್ಯದಲ್ಲಿ ಶೇ 6ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ಬಿಯರ್ ಮಾರುವಂತಿರಲಿಲ್ಲ. ಆ ವರ್ಷ ಮಿತಿ ಶೇ 15ಕ್ಕೆ ಏರಿದ ಮೇಲೆಯೇ ಕಡುವಾದ ಐಪಿಎಗಳಿಗೆ (ಹಾಪ್ಸ್ ಎಂಬ ಹೂವಿನ ಕಹಿ, ಘಮ ಹೆಚ್ಚಿರುವ ಬಿಯರ್) ದಾರಿಯಾಯಿತು.

ಮೊದಲ ವರ್ಷ ನಾನು ಬಗೆಬಗೆಯ ಸಿಕ್ಸ್ ಪ್ಯಾಕ್‌ಗಳನ್ನು, ಅಂದರೆ ಆರು ಕ್ಯಾನ್‌ಗಳ ಕಟ್ಟುಗಳನ್ನು, ತಂದು ಕೂಲರ್ ತುಂಬಿದೆ. ಬಾಗಿಲುಗಳ ಸಾಲಿರುವ, ಹಿಂದಿನಿಂದ ಒಳಹೊಕ್ಕು ಮಾಲು ಜೋಡಿಸುವ ತಣ್ಣನೆಯ ಕೋಣೆ ಅದು. ಆಯ್ಕೆ ಹೆಚ್ಚಿದ್ದಷ್ಟೂ ಗಿರಾಕಿ ಹೆಚ್ಚು ಎಂದುಕೊಂಡಿದ್ದೆ. ಆದರೆ ಬಂಕಿಗೆ ಬರುವವರು ನಿಲ್ಲುವುದು ಎರಡು ಮೂರು ನಿಮಿಷ. ಕೆಲಸ ಮುಗಿಸಿ ಮನೆಗೆ ಹೊರಟ ಬಡಗಿ ಹನ್ನೆರಡು ಡಾಲರ್ ಕೊಟ್ಟು ಗೊತ್ತಿಲ್ಲದ ಹೆಸರಿನ ಆರು ಕ್ಯಾನ್ ಒಯ್ಯುವುದಿಲ್ಲ. ಮಾಲು ಉಳಿಯಿತು. ಇಲ್ಲಿನ ಕಾನೂನಿನಂತೆ, ಮಾರಾಟವಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ವಿತರಕರು ಅದನ್ನು ವಾಪಸು ಪಡೆಯುವಂತೆಯೂ ಇಲ್ಲ.

ಒಂದು ಸಂಜೆ ಒಬ್ಬರು ಹಿಂದಿನ ದಿನ ಒಯ್ದ ಪ್ಯಾಕ್‌ನಲ್ಲಿ ಉಳಿದ ಐದು ಕ್ಯಾನ್‌ಗಳನ್ನು ಕೌಂಟರ್ ಮೇಲಿಟ್ಟರು. ಒಂದನ್ನು ತಲೆಕೆಳಗು ಮಾಡಿ, ತಳದಲ್ಲಿ ಸಣ್ಣಗೆ ಅಚ್ಚಾದ ತಯಾರಿಕೆಯ ದಿನಾಂಕವನ್ನು ಬೆರಳಿನಿಂದ ತೋರಿಸಿದರು. ಏಳು ತಿಂಗಳ ಹಿಂದಿನದು. ಹಾಪ್ಸ್ ಘಮ ಪೂರ್ತಿ ಹೋಗಿ ಒದ್ದೆ ರಟ್ಟಿನ ರುಚಿ ಬಂದಿತ್ತು. ಹಣ ಮರಳಿಸಿದೆ. ಅವರು ಒಂದು ಮಾತೂ ಬಿರುಸಾಗಿ ಆಡಲಿಲ್ಲ, ಆದರೆ ನಾಲ್ಕು ತಿಂಗಳು ನನ್ನ ಅಂಗಡಿಯಲ್ಲಿ ಬಿಯರ್ ಕೊಳ್ಳಲಿಲ್ಲ. ಹಾಸನದಲ್ಲಿ ಅಪ್ಪ ತಮ್ಮ ಕಿರಾಣಿ ಅಂಗಡಿಯಲ್ಲಿ ಹಳೆಯ ಬೆಲ್ಲವನ್ನು ಮುಂದಿಟ್ಟು ಹೊಸದನ್ನು ಹಿಂದೆ ಜೋಡಿಸುತ್ತಿದ್ದುದನ್ನು ನೋಡುತ್ತಲೇ ಬೆಳೆದ ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಮರುವಾರ ಬಗೆಗಳನ್ನು ಅರ್ಧಕ್ಕಿಳಿಸಿದೆ. ಕೌಂಟರ್‌ಗೆ ಹತ್ತಿರದ ಮೂರನೇ ಬಾಗಿಲಿನಲ್ಲಿ, ಕಣ್ಣಿನ ಮಟ್ಟದ ಎರಡು ಖಾನೆಗಳನ್ನು 19.2 ಔನ್ಸ್‌ನ ಬಿಡಿ ಕ್ಯಾನ್‌ಗಳಿಗೇ ಮೀಸಲಿಟ್ಟೆ. ಸುಮಾರು 568 ಮಿಲಿಲೀಟರ್ ಹಿಡಿಯುವ ಉದ್ದನೆಯ ಕ್ಯಾನ್ ಅದು. ಮೂರೂವರೆ ಡಾಲರ್‌ಗೆ ಹೊಸ ರುಚಿ ನೋಡಲು ಯಾರೂ ಹಿಂಜರಿಯುವುದಿಲ್ಲ. ಹೆಚ್ಚು ಹೋಗುವುದು ನ್ಯೂ ಬೆಲ್ಜಿಯಂನವರ, ಶೇ 9 ಆಲ್ಕೋಹಾಲ್‌ನ ವೂಡೂ ರೇಂಜರ್ ಇಂಪೀರಿಯಲ್ ಐಪಿಎ. ಅದರ ಹಿಂದೆಯೇ ಸಿಯೆರಾ ನೆವಾಡಾದವರ ಐಪಿಎ ಹೇಜಿ ಲಿಟಲ್ ಥಿಂಗ್. ಬಿಡಿ ಕ್ಯಾನ್ ಹಿಡಿಸಿದವರು ಶುಕ್ರವಾರ ಬಂದು ಅದರ ಸಿಕ್ಸ್ ಪ್ಯಾಕನ್ನೇ ಕೇಳುತ್ತಾರೆ. ಬೆಲೆ ಇಳಿಸಿ ನೋಡಿದ್ದೂ ಉಂಟು. ಅದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಕ್ಯಾನ್ ಕೈಗೆ ಕೊರೆಯುವಷ್ಟು ತಣ್ಣಗಿರಬೇಕು, ಅಷ್ಟೇ.

ಈಗ ಪ್ರತಿ ಗುರುವಾರ ಬೆಳಿಗ್ಗೆ ಜಾಕೆಟ್ ತೊಟ್ಟು ಕೂಲರ್‌ನ ಹಿಂಬದಿಗೆ ಹೋಗುತ್ತೇನೆ, ಕೈಯಲ್ಲಿ ಟಾರ್ಚ್ ಇರುತ್ತದೆ. ಒಂದೊಂದೇ ಕ್ಯಾನ್ ಎತ್ತಿ ತಳ ನೋಡುತ್ತೇನೆ. ಮೂರು ತಿಂಗಳು ದಾಟಿದ ಐಪಿಎ ಅಲ್ಲಿಂದಲೇ ಹೊರಗೆ. ಆಮೇಲೆ ಆ ವಾರ ಬಂದ ಮಾಲಿನ ತಯಾರಿಕೆಯ ದಿನಾಂಕವನ್ನು ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ಮೂರನೇ ಬಾಗಿಲಿಗೆ ಅಂಟಿಸುತ್ತೇನೆ. ಕ್ಯಾನ್‌ಗಳನ್ನು ವಾಪಸು ತಂದಿದ್ದ ಆ ಗಿರಾಕಿ ಈಗ ಬಾಗಿಲು ತೆರೆಯುವ ಮೊದಲು ಆ ಚೀಟಿಯನ್ನು ಓದುತ್ತಾರೆ.