ಶ್ವಾಸಕೋಶದಲ್ಲಿ ಅಕಸ್ಮಾತ್ ಕಂಡ ಗಂಟು: ನಾವು ಅಳೆಯುವ, ಕಾಯುವ, ಚುಚ್ಚುವ ಕ್ರಮ

ಕಿಡ್ನಿ ಕಲ್ಲಿನ ನೋವಿಗೆ ಹೊಟ್ಟೆಯ ಸಿ.ಟಿ. ಮಾಡಿಸಿದಾಗ ಶ್ವಾಸಕೋಶದ ತಳಭಾಗವೂ ಒಂದಿಷ್ಟು ಸೇರಿ ಬರುತ್ತದೆ. ಹೈವೇಯಲ್ಲಿ ಬೈಕಿನಿಂದ ಬಿದ್ದವರಿಗೆ ಎದೆಯ ಸ್ಕ್ಯಾನ್ ಆಗಿರುತ್ತದೆ. ರಿಪೋರ್ಟಿನ ಕೊನೆಗೆ ‘6 ಮಿ.ಮೀ. ನೋಡ್ಯೂಲ್’ ಎಂದು ಒಂದು ಸಾಲು ಇರುತ್ತದೆ. ದಾವಣಗೆರೆಯಲ್ಲಿ ನಮ್ಮ ಬಳಿ ಬರುವ ಇಂಥ ಗಂಟುಗಳಲ್ಲಿ ಬಹುಪಾಲು ಹೀಗೆ ಬಂದವೇ. ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿಕೆ ಇದ್ದವರ ಲೆಕ್ಕ ಬೇರೆ. ಅವರಿಗೆ ಕೆಳಗಿನ ಕಾಯುವ ಕ್ರಮ ಸಲ್ಲದು. ಮೊದಲೇ ಕ್ಯಾನ್ಸರ್ ಇದ್ದವರಿಗೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ, 35 ವರ್ಷದೊಳಗಿನವರಿಗೂ ಸಲ್ಲದು.

ನಾವು ಕೇಳುವ ಮೊದಲ ಪ್ರಶ್ನೆ: ಹಳೆಯ ಸ್ಕ್ಯಾನ್ ಇದೆಯಾ? ‘ಇಲ್ಲ ಸಾರ್’ ಎಂದವರನ್ನೂ ಅಷ್ಟಕ್ಕೇ ಬಿಡುವುದಿಲ್ಲ. 2020-21ರಲ್ಲಿ ಕೋವಿಡ್ ಬಂದಾಗ ಎದೆಯ ಸಿ.ಟಿ. ಮಾಡಿಸಿದ ಮನೆಗಳು ಬಹಳ, ಆ ಸಿ.ಡಿ. ಇನ್ನೂ ಬೀರುವಿನಲ್ಲೇ ಇರುತ್ತದೆ. ಅದರಲ್ಲೂ ಅದೇ ಜಾಗದಲ್ಲಿ, ಅದೇ ಅಳತೆಯ ಘನ ಗಂಟು (ಮಸುಕಾಗಿರದೆ ಒತ್ತಾಗಿ ಕಾಣುವುದು) ಇದ್ದರೆ ಕೆಲಸ ಆವತ್ತೇ ಮುಗಿಯಿತು. ಎರಡು ವರ್ಷ ಬೆಳೆಯದ ಘನ ಗಂಟನ್ನು ಮತ್ತೆ ಹಿಂಬಾಲಿಸಬೇಕಿಲ್ಲ. ಫಿಲಂನ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದರೆ ಮಾತ್ರ ಪ್ರಯೋಜನವಿಲ್ಲ. ಮೂಲ ಚಿತ್ರಗಳೇ ಬೇಕು. ಸಿ.ಡಿ. ಗೀರಿ ಹಾಳಾಗುವ ಮುಂಚೆ ಪೆನ್‌ಡ್ರೈವ್‌ಗೆ ಹಾಕಿಸಿ ಇಡಿ ಎಂದು ಪ್ರತಿಯೊಬ್ಬರಿಗೂ ಹೇಳುತ್ತೇವೆ.

ಎರಡನೆಯದು ಅಳತೆ. ಹೆಚ್ಚು ತಪ್ಪಾಗುವುದು ಇಲ್ಲೇ. ಸಿ.ಟಿ. ಚಿತ್ರಗಳು ಪದರಪದರವಾಗಿ ಬರುತ್ತವೆ, ಒಂದೊಂದು ಪದರ ಒಂದು ಸ್ಲೈಸ್. 5 ಮಿ.ಮೀ. ದಪ್ಪದ ಸ್ಲೈಸಿನಲ್ಲಿ ಸಣ್ಣ ಗಂಟು ಅರ್ಧ ಮಾಸಿ ಕಾಣುತ್ತದೆ. ಘನ ಗಂಟೂ ಮಂಜಿನಂತೆ ತೋರಬಹುದು, ಒಳಗಿನ ಸುಣ್ಣದ ಕಣ ಮರೆಯಾಗಬಹುದು. ಆದ್ದರಿಂದ 1ರಿಂದ 1.5 ಮಿ.ಮೀ. ಸ್ಲೈಸ್ ಬೇಕೆಂದು ಚೀಟಿಯಲ್ಲೇ ಬರೆಯುತ್ತೇವೆ. ಶ್ವಾಸಕೋಶದ ವಿಂಡೋದಲ್ಲಿ (ಶ್ವಾಸಕೋಶ ಚೆನ್ನಾಗಿ ಕಾಣುವಂತೆ ಪರದೆಯ ಬೆಳಕು ಹೊಂದಿಸಿದ ನೋಟ) ಉದ್ದ ಮತ್ತು ಅಡ್ಡಗಲ ಎರಡನ್ನೂ ಅಳೆದು ಸರಾಸರಿ ಹಿಡಿಯಬೇಕು: 7 ಮತ್ತು 5 ಇದ್ದರೆ ಅದು 6 ಮಿ.ಮೀ. ಗಂಟು, 7ರದ್ದಲ್ಲ. ಮುಂದಿನ ಸ್ಕ್ಯಾನಿನಲ್ಲಿ 1 ಮಿ.ಮೀ. ವ್ಯತ್ಯಾಸ ಬಂದರೆ ಅದನ್ನು ಬೆಳವಣಿಗೆ ಎನ್ನುವುದಿಲ್ಲ; ಉಸಿರು ಹಿಡಿದದ್ದು ಸ್ವಲ್ಪ ಕಡಿಮೆಯಾದರೂ ಅಷ್ಟು ಬದಲಾಗುತ್ತದೆ. 2 ಮಿ.ಮೀ. ಆದರೆ ಗಮನಿಸಲೇಬೇಕು. 6 ಇದ್ದದ್ದು 8 ಆದರೆ ನೋಡಲು ಸಣ್ಣ ಬದಲಾವಣೆ, ಆದರೆ ಗಂಟಿನ ಘನಗಾತ್ರ (ವಾಲ್ಯೂಮ್) ಎರಡು ಪಟ್ಟನ್ನೂ ಮೀರಿರುತ್ತದೆ. ಹೋಲಿಕೆಯನ್ನು ಬರೀ ಹಿಂದಿನ ಸ್ಕ್ಯಾನಿನ ಜೊತೆ ಮಾಡದೆ, ಸಿಕ್ಕಿದ್ದರಲ್ಲಿ ಅತಿ ಹಳೆಯದರ ಜೊತೆಗೂ ಮಾಡಬೇಕು. ನಿಧಾನ ಬೆಳೆಯುವ ಗಂಟು ಪ್ರತಿ ಸಲವೂ ‘ಬದಲಾವಣೆ ಇಲ್ಲ’ ಎನ್ನಿಸಿಕೊಂಡೇ ದೊಡ್ಡದಾಗಿರುತ್ತದೆ.

ನೋಡಿದ ಕೂಡಲೇ ಕೈಬಿಡಬಹುದಾದವೂ ಇವೆ: ಪೂರ್ತಿ, ನಡುವೆ ಅಥವಾ ಪದರಪದರವಾಗಿ ಸುಣ್ಣ ಕಟ್ಟಿದ್ದು, ಒಳಗೆ ಕೊಬ್ಬು ಕಾಣುವುದು, ಶ್ವಾಸಕೋಶದ ಹಾಲೆಗಳ (ಭಾಗಗಳ) ನಡುವಿನ ಗೆರೆಗೆ ಅಂಟಿಕೊಂಡ ನುಣುಪಾದ ತ್ರಿಕೋನ.

ಉಳಿದವಕ್ಕೆ ನಾವು ಹಿಡಿಯುವುದು ಎದೆಯ ಚಿತ್ರಣ ತಜ್ಞರ ಅಂತರರಾಷ್ಟ್ರೀಯ ಸಂಘವಾದ ಫ್ಲೈಶ್ನರ್ ಸೊಸೈಟಿಯ 2017ರ ಸೂಚನೆ. ಒಂಟಿ ಘನ ಗಂಟು 6 ಮಿ.ಮೀ.ಗಿಂತ ಸಣ್ಣದಿದ್ದರೆ ಕ್ಯಾನ್ಸರ್ ಆಗುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಮತ್ತೆ ಸ್ಕ್ಯಾನ್ ಬೇಡ; ಬೀಡಿ ಸೇದುವವರಿಗೆ ಅಥವಾ ಗಂಟಿನ ಅಂಚು ಮುಳ್ಳುಮುಳ್ಳಾಗಿದ್ದರೆ ಬೇಕಿದ್ದರೆ 12 ತಿಂಗಳಿಗೆ ಒಂದು. 6ರಿಂದ 8 ಇದ್ದರೆ 6-12 ತಿಂಗಳಿಗೆ ಒಂದು, ಅಪಾಯ ಹೆಚ್ಚಿದ್ದವರಿಗೆ 18-24 ತಿಂಗಳಿಗೆ ಇನ್ನೊಂದು. 8 ದಾಟಿದರೆ 3 ತಿಂಗಳಿಗೆ ಮತ್ತೆ ಸಿ.ಟಿ., ಇಲ್ಲವೇ ಪೆಟ್ ಸ್ಕ್ಯಾನ್ (ಚುರುಕಾಗಿ ಸಕ್ಕರೆ ಹೀರುವ ಜಾಗ ಹೊಳೆದು ಕಾಣುವ ಸ್ಕ್ಯಾನ್), ಇಲ್ಲವೇ ಬಯಾಪ್ಸಿ (ಸೂಜಿ ಚುಚ್ಚಿ ಗಂಟಿನ ತುಣುಕು ತೆಗೆಯುವುದು). ಮಂಜಿನಂತಿರುವ ಗಂಟು 6 ಅಥವಾ ಹೆಚ್ಚಿದ್ದರೆ 6-12 ತಿಂಗಳಿಗೆ ನೋಡಿ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ ಐದು ವರ್ಷದವರೆಗೆ. ‘ದುಗ್ಗಮ್ಮನ ಜಾತ್ರೆ ಬಂದಾಗ ಸ್ಕ್ಯಾನ್’ ಎಂದರೆ ಊರಿನವರಿಗೆ ನೆನಪಿರುತ್ತದೆ. ಅದೂ ಎರಡು ವರ್ಷಕ್ಕೊಮ್ಮೆಯೇ. ಮಂಜಿನ ನಡುವೆ ಘನ ಭಾಗ ಇದ್ದರೆ 3-6 ತಿಂಗಳಿಗೇ ನೋಡಬೇಕು. ಆ ಘನ ಭಾಗ 6 ಮುಟ್ಟಿದರೆ ಕಾಯಬಾರದು. ಹೊಟ್ಟೆಯ ಸ್ಕ್ಯಾನಿನಲ್ಲಿ ಕಂಡ 6-8 ಮಿ.ಮೀ. ಗಂಟಿಗೆ 3-12 ತಿಂಗಳೊಳಗೆ ಪೂರ್ತಿ ಎದೆಯ ಸಿ.ಟಿ. ಬೇಕು, ಏಕೆಂದರೆ ಮೇಲ್ಭಾಗವನ್ನು ಇನ್ನೂ ಯಾರೂ ನೋಡಿಲ್ಲ. ಈ ಮರುಸ್ಕ್ಯಾನ್‌ಗಳಿಗೆ ಕಾಂಟ್ರಾಸ್ಟ್ ಇಂಜೆಕ್ಷನ್ ಬೇಡ, ಕಡಿಮೆ ವಿಕಿರಣದ ಸಿ.ಟಿ. ಸಾಕು.

6-12 ಎಂಬ ಅವಧಿ ಸಡಿಲವಾಗಿರುವುದು ನಮಗೆ ಅನುಕೂಲ. ಬಿತ್ತನೆಯ ಜೂನ್‌ನಲ್ಲಿ ದಿನ ಕೊಟ್ಟರೆ ರೈತರು ಬರುವುದಿಲ್ಲ. ಮೆಕ್ಕೆಜೋಳ ಮಾರಿದ ಮೇಲಿನ ತಿಂಗಳನ್ನು ಬರೆಯುತ್ತೇವೆ.

ಈ ಪಟ್ಟಿಯನ್ನು ನಮ್ಮ ಕಡೆಗೆ ತಂದಾಗ ಎರಡು ತೊಡಕು. ಒಂದು ಟಿ.ಬಿ. ಮೇಲಿನ ಹಾಲೆಯ ಗಂಟೆಂದರೆ ಪಾಶ್ಚಾತ್ಯ ಲೆಕ್ಕದಲ್ಲಿ ಕ್ಯಾನ್ಸರ್ ಅನುಮಾನ ಏರುತ್ತದೆ. ಇಲ್ಲಿ ಹಳೆಯ ಟಿ.ಬಿ. ಕಲೆ ಕೂರುವುದೂ ಅದೇ ಜಾಗದಲ್ಲಿ. ಹಾಗೆಂದು ಚುಕ್ಕೆ ಕಂಡ ಮಾತ್ರಕ್ಕೆ ಆರು ತಿಂಗಳ ಟಿ.ಬಿ. ಮಾತ್ರೆ ಶುರು ಮಾಡುವುದನ್ನು ನಾವು ಒಪ್ಪುವುದಿಲ್ಲ. ಗಂಟು ಕ್ಯಾನ್ಸರ್ ಆಗಿದ್ದರೆ ಆ ಆರು ತಿಂಗಳು ಕಳೆದೇ ಹೋಯಿತು. ಕಫ ಬರುವವರಿಗೆ ಸಿಬಿನಾಟ್ (ಕಫದಲ್ಲಿ ಟಿ.ಬಿ. ರೋಗಾಣುವಿನ ಜೀನ್ ಹುಡುಕುವ) ಪರೀಕ್ಷೆ ಮಾಡಿಸಿ, ಪುರಾವೆ ಸಿಕ್ಕರೆ ಮಾತ್ರ ಔಷಧಿ. ‘ನೋಡೋಣ’ ಎಂದು ಲೆವೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಕೊಡುವುದೂ ಬೇಡ, ಅದು ಟಿ.ಬಿ.ಯನ್ನು ಅರೆಬರೆ ಅದುಮಿ, ಪತ್ತೆಯನ್ನು ತಡಮಾಡುತ್ತದೆ.

ಇನ್ನೊಂದು ಧೂಳು. ಚಿತ್ರದುರ್ಗದ ಕಡೆಯಿಂದ ಬಂದವರಿಗೆ ಕ್ರಷರ್, ಕ್ವಾರಿ, ಗಣಿ ಕೆಲಸ ಎಷ್ಟು ವರ್ಷ ಎಂದು ಕೇಳದೆ ಸ್ಕ್ಯಾನ್ ಓದಬಾರದು. ಎರಡೂ ಕಡೆ ಮೇಲ್ಭಾಗದಲ್ಲಿ ಹರಡಿದ ಸಣ್ಣ ಗಂಟುಗಳು, ಮೊಟ್ಟೆಯ ಚಿಪ್ಪಿನಂತೆ ಅಂಚಿನಲ್ಲಿ ಸುಣ್ಣ ಕಟ್ಟಿದ ದುಗ್ಧಗ್ರಂಥಿಗಳು ಸಿಲಿಕೋಸಿಸ್‌ನ (ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ರೋಗದ) ಗುರುತು. ಆದರೆ ಸಿಲಿಕಾ ಧೂಳಿನಿಂದ ಟಿ.ಬಿ.ಯೂ ಕ್ಯಾನ್ಸರೂ ಎರಡೂ ಹೆಚ್ಚುತ್ತವೆ. ಇಪ್ಪತ್ತು ಗಂಟುಗಳ ನಡುವೆ ಒಂದೇ ಬೆಳೆಯುತ್ತಿದ್ದರೆ ಆ ಒಂದನ್ನು ಬೇರೆಯಾಗಿ ವಿಚಾರಿಸಬೇಕು. ಹೆಂಗಸರನ್ನು ‘ಬೀಡಿ ಇಲ್ಲ’ ಎಂದು ಅಪಾಯವಿಲ್ಲದ ಸಾಲಿಗೆ ಸೇರಿಸುವ ಮೊದಲು ಸೌದೆ ಒಲೆಯ, ಮಂಡಕ್ಕಿ ಭಟ್ಟಿಯ ಹೊಗೆಯ ವರ್ಷಗಳನ್ನೂ ಕೇಳುತ್ತೇವೆ.

ಟಿ.ಬಿ. ಇರುವ ಊರಿನಲ್ಲಿ ಪೆಟ್ ಸ್ಕ್ಯಾನ್ ಮೇಲೆ ಪೂರ್ತಿ ಭರವಸೆ ಇಡಲಾಗದು. ಟಿ.ಬಿ. ಗಂಟೂ ಕ್ಯಾನ್ಸರಿನಂತೆಯೇ ಹೊಳೆಯುತ್ತದೆ, ನಿಧಾನ ಬೆಳೆಯುವ ಕೆಲವು ಕ್ಯಾನ್ಸರ್ ಹೊಳೆಯುವುದೇ ಇಲ್ಲ, 8 ಮಿ.ಮೀ.ಗಿಂತ ಸಣ್ಣದು ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ಹಾಗಾಗಿ ಅನುಮಾನದ ದೊಡ್ಡ ಗಂಟಿಗೆ ನಾವು ಬಯಾಪ್ಸಿಯ ಕಡೆಗೇ ಬೇಗ ವಾಲುತ್ತೇವೆ. ರಕ್ತ ಹೆಪ್ಪುಗಟ್ಟದಂತೆ ಕ್ಲೋಪಿಡೊಗ್ರೆಲ್ ಮಾತ್ರೆ ನುಂಗುವವರಿದ್ದರೆ ಹೃದಯದ ವೈದ್ಯರನ್ನು ಕೇಳಿ 5 ದಿನ ಮುಂಚೆ ನಿಲ್ಲಿಸುತ್ತೇವೆ, ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತದೆಯೇ ಎಂದು ತಿಳಿಯಲು ಪ್ಲೇಟ್‌ಲೆಟ್, ಐ.ಎನ್.ಆರ್. ನೋಡುತ್ತೇವೆ. ಚುಚ್ಚಿದ ಮೇಲೆ ಆ ಮಗ್ಗುಲು ಕೆಳಗಾಗಿ ಮಲಗಿಸಿ, ಎಕ್ಸ್‌ರೇ ತೆಗೆಯುತ್ತೇವೆ. ಐದಾರು ಜನರಲ್ಲಿ ಒಬ್ಬರಿಗೆ ಶ್ವಾಸಕೋಶದ ಸುತ್ತ ಗಾಳಿ ಸೇರುತ್ತದೆ. ಬಹಳಷ್ಟು ತಾನೇ ಇಂಗುತ್ತದೆ, ಕೆಲವರಿಗೆ ಟ್ಯೂಬ್ ಬೇಕಾಗುತ್ತದೆ. ಇದನ್ನು ಮೊದಲೇ ಹೇಳಿ ಸಹಿ ತೆಗೆದುಕೊಳ್ಳಬೇಕು.

ತುಣುಕನ್ನು ಎರಡು ಬಾಟಲಿಗೆ ಹಾಕಿ. ಒಂದು ಫಾರ್ಮಲಿನ್, ಇನ್ನೊಂದು ಬರೀ ಸಲೈನ್. ಎಲ್ಲವೂ ಫಾರ್ಮಲಿನ್‌ಗೆ ಬಿದ್ದರೆ ಟಿ.ಬಿ. ಕಲ್ಚರ್ ಮಾಡಲು ಬರುವುದಿಲ್ಲ, ರೋಗಿಯನ್ನು ಮತ್ತೆ ಚುಚ್ಚಬೇಕಾಗುತ್ತದೆ. ‘ಕ್ಯಾನ್ಸರ್ ಕಣ ಕಂಡಿಲ್ಲ, ಬರೀ ಉರಿಯೂತ’ ಎಂಬ ವರದಿ ಬಂದರೆ ಮನೆಯವರು ನಿರಾಳರಾಗುತ್ತಾರೆ, ಆದರೆ ಸೂಜಿ ಪಕ್ಕಕ್ಕೆ ತಾಗಿದ್ದರೂ ಅದೇ ವರದಿ ಬರುತ್ತದೆ. ಹಾಗೆ ಬಂದವರಿಗೆ ಮೂರು ತಿಂಗಳಿಗೆ ಮತ್ತೆ ಸಿ.ಟಿ., ಇಲ್ಲವೇ ಮರುಬಯಾಪ್ಸಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಬೇರೆ ಕಡೆಗೋ ಕಳಿಸುವಾಗ ರಿಪೋರ್ಟಿನ ಜೊತೆ ಸ್ಲೈಡ್, ತುಣುಕನ್ನು ಇಟ್ಟಿರುವ ಮೇಣದ ಬ್ಲಾಕ್, ಎಲ್ಲ ಸ್ಕ್ಯಾನುಗಳ ಪೆನ್‌ಡ್ರೈವ್ ಇರಬೇಕು.

‘ಎಲ್ಲ ಬಿಟ್ಟು ತೆಗ್ದೇ ಹಾಕ್ರಿ ಡಾಕ್ಟ್ರೇ’ ಎನ್ನುವವರಿಗೆ, 6 ಮಿ.ಮೀ. ಗಂಟಿಗಾಗಿ ಎದೆಯ ಆಪರೇಷನ್ ಮಾಡಿದರೆ ಆಗುವ ತೊಂದರೆ ಗಂಟಿನ ತೊಂದರೆಗಿಂತ ದೊಡ್ಡದು ಎಂದು ಸಮಾಧಾನದಿಂದ ಕೂರಿಸಿ ಹೇಳುತ್ತೇವೆ. ನಮ್ಮ ರಿಜಿಸ್ಟರಿನಲ್ಲಿ ಒಬ್ಬೊಬ್ಬರಿಗೆ ಒಂದು ಸಾಲು: ಯಾವ ಹಾಲೆ, ಎಷ್ಟನೇ ಸ್ಲೈಸ್, ಎರಡು ಅಳತೆ, ಘನವೋ ಮಂಜೋ, ಮುಂದಿನ ತಿಂಗಳು, ಇಬ್ಬರ ಫೋನ್ ನಂಬರ್. ಮಗನ ನಂಬರ್ ಬದಲಾದರೂ ಮಗಳದ್ದು ಸಿಗುತ್ತದೆ. ಅವಧಿ ಮುಗಿದು ಗಂಟು ಬೆಳೆದಿಲ್ಲವೆಂದು ಖಚಿತವಾದ ದಿನ ರೋಗಿಯ ಫೈಲಿನ ಮೇಲೆಯೇ ‘ಈ ಗಂಟಿಗೆ ಇನ್ನು ಸ್ಕ್ಯಾನ್ ಬೇಡ’ ಎಂದು ತಾರೀಕು ಹಾಕಿ ಬರೆದುಕೊಡುತ್ತೇವೆ. ಮುಂದೆ ಯಾವುದೋ ಜ್ವರಕ್ಕೆ ಎಕ್ಸ್‌ರೇ ಮಾಡಿಸಿದಾಗ ಅದೇ ಚುಕ್ಕೆ ಮತ್ತೊಬ್ಬರ ಕಣ್ಣಿಗೆ ಬಿದ್ದರೆ, ತೋರಿಸಲು ಆ ಕಾಗದ ರೋಗಿಯ ಕೈಯಲ್ಲಿರುತ್ತದೆ.