ಒಬ್ಬ ಅಗ್ನಿಶಾಮಕನ ಬದುಕು, ಏಳು ಇಂಗ್ಲಿಷ್ ಪದಗಳು

ಇಂಗ್ಲಿಷ್ ಪದಸಂಪತ್ತು ಬೆಳೆಸಿಕೊಳ್ಳಬೇಕು ಅಂತ ಹೊರಟವರು ಮೊದಲು ಮಾಡುವ ಕೆಲಸ ಪಟ್ಟಿ ಬರೆಯುವುದು. ಎಡಕ್ಕೆ ಇಂಗ್ಲಿಷ್ ಪದ, ನಡುವೆ ಒಂದು ಗೀಟು, ಬಲಕ್ಕೆ ಕನ್ನಡ ಅರ್ಥ. ದಿನಕ್ಕೆ ಇಪ್ಪತ್ತು. ಇಂಥ ನೋಟ್‌ಬುಕ್‌ಗಳನ್ನು ನಾನು ತುಂಬಾ ನೋಡಿದ್ದೇನೆ. ಹತ್ತನೇ ಪುಟದಿಂದ ಆಚೆ ಖಾಲಿ ಇರುತ್ತವೆ.

ಪಟ್ಟಿ ನಿಂತುಹೋದರೆ ಅಷ್ಟು ಬೇಸರವಿಲ್ಲ. ಪೂರ್ತಿ ಬಾಯಿಪಾಠ ಮಾಡಿದವರೂ ಬರೆಯುವಾಗ ಎಡವುತ್ತಾರಲ್ಲ, ಅದು ಬೇಸರ. ಒಬ್ಬ ಹುಡುಗಿ ಪ್ರಬಂಧದಲ್ಲಿ ತನ್ನ ಮನೆ ಖುಷಿಯಲ್ಲಿ 'ಎಂಗಲ್ಫ್' ಆಗಿತ್ತು ಎಂದು ಬರೆದಿದ್ದಳು. ಅವಳ ಪಟ್ಟಿಯಲ್ಲಿ ಆ ಪದದ ಎದುರು 'ಆವರಿಸು' ಅಂತಿತ್ತು. ಅವಳದೇನು ತಪ್ಪು? ಹೇಗೆ ಆವರಿಸುವುದು ಅಂತ ಪಟ್ಟಿ ಹೇಳಿರಲಿಲ್ಲ. ಬೆಂಕಿ ಮನೆಯನ್ನು ನುಂಗುತ್ತದಲ್ಲ, ನೆರೆ ಊರನ್ನು ನುಂಗುತ್ತದಲ್ಲ, ಹಾಗೆ ಆವರಿಸುವುದು 'ಎಂಗಲ್ಫ್'. ಉರಿಯುವ ಮನೆಯ ಕಥೆಯಲ್ಲಿ ಒಮ್ಮೆ ಆ ಪದ ಓದಿದ್ದರೆ ಖುಷಿಯ ಪಕ್ಕದಲ್ಲಿ ಅದನ್ನು ಇಡುತ್ತಲೇ ಇರಲಿಲ್ಲ.

ಹಾಗಾಗಿ ನಾನು ಹೇಳುವ ದಾರಿ ಇದು: ಪಟ್ಟಿ ಬಿಡಿ, ಒಬ್ಬರ ಬದುಕಿನ ಕಥೆ ಹಿಡಿಯಿರಿ. ಅದರಲ್ಲೂ ಅಗ್ನಿಶಾಮಕ ಸಿಬ್ಬಂದಿಯ ಕಥೆ. ಕಠಿಣ ತರಬೇತಿ, ಮೊದಲ ಕರೆ, ಭಯ, ಗೆಳೆಯರು, ಗಾಯ, ಸಾವು, ಚೇತರಿಕೆ, ನಿವೃತ್ತಿ ಎಲ್ಲ ಒಂದೇ ಬದುಕಿನಲ್ಲಿ ಬರುತ್ತವೆ. ಜೊತೆಗೆ ಬೆಂಕಿಯ ಪದಗಳು ಬೆಂಕಿಯಲ್ಲೇ ಉಳಿಯುವುದಿಲ್ಲ. ಸಿಟ್ಟು, ಜಗಳ, ಪ್ರೀತಿ, ರಾಜಕೀಯ ಎಲ್ಲ ಕಡೆಗೂ ಹರಿದುಹೋಗುತ್ತವೆ. ಕನ್ನಡದಲ್ಲೂ ಹಾಗೇ ಅಲ್ವಾ? ಪಕ್ಷದಲ್ಲಿ ಅಸಮಾಧಾನ ಹೊಗೆಯಾಡುತ್ತದೆ, ಆಮೇಲೆ ಭುಗಿಲೇಳುತ್ತದೆ.

ಹಂತ 1: ಕಥೆ ಆರಿಸುವುದು

ಆತ್ಮಕಥೆಯ ಒಂದು ಅಧ್ಯಾಯ, ದೀರ್ಘ ಸಂದರ್ಶನ, ನಿವೃತ್ತರ ಬಗ್ಗೆ ಬಂದ ಲೇಖನ, ಯಾವುದಾದರೂ ಸರಿ. ಎರಡು ಮೂರು ಪುಟ ಸಾಕು. ಹೂ ಮತ್ತು ನೇಷನ್ ಎಂಬ ಸಂಶೋಧಕರು 2000ದಲ್ಲಿ ತೋರಿಸಿದ ಹಾಗೆ, ಯಾರ ಸಹಾಯವೂ ಇಲ್ಲದೆ ಕಥೆ ಅರ್ಥವಾಗಬೇಕಾದರೆ ನೂರಕ್ಕೆ ಸುಮಾರು 98 ಪದ ಮೊದಲೇ ಗೊತ್ತಿರಬೇಕು. ಅಂದರೆ 300 ಪದಗಳ ಪುಟದಲ್ಲಿ ಗೊತ್ತಿಲ್ಲದವು ಆರೇಳು. ಹದಿನೈದು ಸಿಕ್ಕರೆ ಆ ಕಥೆ ಆರು ತಿಂಗಳು ಬಿಟ್ಟು ಓದಿ.

ಪದ ಕಲಿಸುವುದಕ್ಕೆಂದೇ ಹೊಸೆದ ಕಥೆಗಳು ಬೇಡ. ಒಂದೊಂದು ವಾಕ್ಯದಲ್ಲಿ ಮೂರು ಮೂರು ದೊಡ್ಡ ಪದ ತುರುಕಿರುತ್ತಾರೆ. ಯಾರೂ ಹಾಗೆ ಮಾತಾಡುವುದಿಲ್ಲ, ಬರೆಯುವುದೂ ಇಲ್ಲ. '30 ದಿನದಲ್ಲಿ 3,000 ಪದ' ಎನ್ನುವ ಪುಸ್ತಕಗಳನ್ನಂತೂ ಮುಟ್ಟಲೇಬೇಡಿ.

ಹಂತ 2: ನಿಘಂಟು ಇಲ್ಲದೆ ಒಮ್ಮೆ ಪೂರ್ತಿ ಓದಿ. ಅಷ್ಟೇ.

ಹಂತ 3: ಏಳು ಪದ ಗುರುತಿಸಿ

ಎಂಟಲ್ಲ, ಹತ್ತಲ್ಲ. ಏಳು. ವೃತ್ತಿಯವರೇ ಬಳಸುವ ತಾಂತ್ರಿಕ ಪದಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. 'ಫ್ಲ್ಯಾಶ್‌ಓವರ್' ಎಂದರೆ ಕೋಣೆಯ ಕಾವು ಏರಿ ಏರಿ ಒಳಗಿನ ವಸ್ತುಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಹೊತ್ತಿಕೊಳ್ಳುವುದು. 'ಬ್ಯಾಕ್‌ಡ್ರಾಫ್ಟ್' ಎಂದರೆ ಗಾಳಿಯಿಲ್ಲದೆ ಉಸಿರುಗಟ್ಟಿದ್ದ ಬೆಂಕಿಗೆ, ಬಾಗಿಲು ತೆರೆದ ಕೂಡಲೇ ಗಾಳಿ ಸಿಕ್ಕಿ ಸ್ಫೋಟದ ಹಾಗೆ ಹೊರಗೆ ನುಗ್ಗುವುದು. ಕಥೆ ಅರ್ಥವಾಗಲು ಇವು ಬೇಕು. ಆದರೆ ನಿಮ್ಮ ಪತ್ರದಲ್ಲಿ, ಮಾತಿನಲ್ಲಿ ಇವು ಬರುವುದು ಅಪರೂಪ.

ಉದಾಹರಣೆಗೆ ನಾನೇ ಕಟ್ಟಿದ ಒಂದು ಕಥೆಯ ಸಾರ ನೋಡಿ. ಒಬ್ಬ ಅಗ್ನಿಶಾಮಕನ ತರಬೇತಿ 'ಗ್ರೂಯಲಿಂಗ್' ಆಗಿತ್ತು, ಮೈಕೈ ಹಣ್ಣಾಗಿಸುವಂಥದ್ದು. ಮೊದಲ ವರ್ಷವೇ ಒಂದು ಗೋದಾಮನ್ನು ಬೆಂಕಿ 'ಎಂಗಲ್ಫ್' ಮಾಡಿತು. ಅದನ್ನು 'ಡೌಸ್' ಮಾಡಲು ರಾತ್ರಿಯಿಡೀ ಹಿಡಿಯಿತು. ಬಿಸಿ ಆವಿ ತಗುಲಿ ಮಣಿಕಟ್ಟು 'ಸ್ಕಾಲ್ಡ್' ಆಯಿತು. ಮರುದಿನ ಬೆಳಗ್ಗೆಯೂ ಅವಶೇಷಗಳು 'ಸ್ಮೋಲ್ಡರ್' ಆಗುತ್ತಿದ್ದವು. ಪತ್ರಿಕೆ ಅದನ್ನು 'ಹ್ಯಾರೋಯಿಂಗ್' ರಾತ್ರಿ ಎಂದು ಬರೆಯಿತು. ಎಷ್ಟೋ ವರ್ಷದ ಮೇಲೆ, ಆ ರಾತ್ರಿ ಜೊತೆಗಿದ್ದ ಗೆಳೆಯ ಸಿಕ್ಕಿ ಸ್ನೇಹ 'ರೀಕಿಂಡಲ್' ಆಯಿತು. ಏಳು ಪದ, ಒಂದು ಬದುಕು. ಮುಂದಿನ ಹಂತಕ್ಕೆ ಇವನ್ನೇ ಇಟ್ಟುಕೊಳ್ಳೋಣ.

ಹಂತ 4: ಪದವನ್ನು ಅದರ ಜಾಗದಲ್ಲಿ ನಿಲ್ಲಿಸಿ ನೋಡುವುದು

ಎಲ್ಲರೂ ಕೆಡಿಸುವುದು ಇಲ್ಲೇ. ನಿಘಂಟು ತೆರೆದು, ಮೊದಲು ಕಂಡ ಕನ್ನಡ ಪದ ಬರೆದು, ಮುಂದೆ ಹೋಗುತ್ತಾರೆ. ನೀವು ಹಾಗೆ ಮಾಡಬೇಡಿ. ಒಂದು ಪದಕ್ಕೆ ಹತ್ತು ನಿಮಿಷ ಕೊಡಿ. ಮೂರು ಪ್ರಶ್ನೆ ಕೇಳಿ: ಆ ಕ್ಷಣದಲ್ಲಿ ಕಣ್ಣಿಗೆ ಏನು ಕಾಣುತ್ತಿತ್ತು? ಈ ಪದ ಯಾರ ಜೊತೆ ಓಡಾಡುತ್ತದೆ? ಇದನ್ನು ಯಾರು ಹೇಳಿದರು?

ಮೊದಲ ಪ್ರಶ್ನೆಗೆ 'ಸ್ಕಾಲ್ಡ್' ತೆಗೆದುಕೊಳ್ಳಿ. ಪಟ್ಟಿಯಲ್ಲಿ ಇದರ ಎದುರು 'ಸುಡು' ಅಂತಿರುತ್ತದೆ. 'ಸಿಂಜ್', 'ಸ್ಕಾರ್ಚ್', 'ಚಾರ್' ಎಲ್ಲದರ ಎದುರೂ 'ಸುಡು' ಅಂತಲೇ ಇರುತ್ತದೆ. ಆದರೆ ಕಣ್ಣಿಗೆ ಕಾಣುವುದು ಬೇರೆ ಬೇರೆ. ಹುಬ್ಬಿನ ಕೂದಲ ತುದಿ ಚುರ್ರೆಂದು ಸೀದರೆ 'ಸಿಂಜ್'. ಇಸ್ತ್ರಿಪೆಟ್ಟಿಗೆ ಜಾಸ್ತಿ ಹೊತ್ತು ಕೂತು ಬಟ್ಟೆಯ ಮೇಲ್ಮೈ ಕಂದಾದರೆ 'ಸ್ಕಾರ್ಚ್'. ತೊಲೆ ಸುಟ್ಟು ಕರಿ ಇದ್ದಿಲಾದರೆ 'ಚಾರ್'. 'ಸ್ಕಾಲ್ಡ್' ಆಗಲು ಬೆಂಕಿ ತಾಗಲೇಬೇಕಿಲ್ಲ. ಕುದಿಯುವ ನೀರು ಅಥವಾ ಹಬೆ ತಾಗಿದರೆ ಸಾಕು.

ಹಾಗಾದರೆ ಬೆಂಕಿಯ ಕಥೆಯಲ್ಲಿ ಆ ಪದಕ್ಕೇನು ಕೆಲಸ? ಇಲ್ಲಿ ಸ್ವಲ್ಪ ನಿಲ್ಲಿ. ನೀರು ಆವಿಯಾದಾಗ ಅದರ ಗಾತ್ರ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಮುಚ್ಚಿದ ಕೋಣೆಯೊಳಗೆ ಕಾದ ಗೋಡೆಗೆ ನೀರು ಹಾರಿಸಿದರೆ ಆ ಆವಿ ತಿರುಗಿ ನೀರು ಹಿಡಿದವರ ಮೇಲೇ ಬರಬಹುದು. ಕೈಗವಸಿಗೂ ತೋಳಿಗೂ ನಡುವಿನ ಒಂದು ಬೆರಳು ಅಗಲದ ಚರ್ಮಕ್ಕೆ ಅದು ಬಡಿಯುತ್ತದೆ. ನಮ್ಮ ಅಗ್ನಿಶಾಮಕನ ಮಣಿಕಟ್ಟು ಬೆಂದಿದ್ದು ಹೀಗೆ. ಆ ಒಂದು ಬೆರಳು ಅಗಲದ ಕೆಂಪು ಪಟ್ಟಿ ನಿಮ್ಮ ಕಣ್ಣಿಗೆ ಕಟ್ಟಿದರೆ 'ಸ್ಕಾಲ್ಡ್' ಇನ್ನು ಮರೆಯುವುದಿಲ್ಲ. 'ಚಾರ್' ಜೊತೆ ಕಲಸಿಹೋಗುವುದೂ ಇಲ್ಲ.

ಎರಡನೇ ಪ್ರಶ್ನೆ ಪದದ ಸಂಗಾತಿಗಳದ್ದು. 'ಡೌಸ್' ಮಾಡುವುದು ನೀರು ಸುರಿದು. ಅದರ ಜೊತೆ ಬರುವುದು ಜ್ವಾಲೆ. 'ಸ್ಮದರ್' ಎಂದರೆ ಕಂಬಳಿ ಹೊದಿಸಿ ಗಾಳಿ ತಪ್ಪಿಸಿ ಆರಿಸುವುದು. 'ಕ್ವೆಂಚ್' ಬೆಂಕಿಗೂ ಬರುತ್ತದೆ, ಬಾಯಾರಿಕೆಗೂ ಬರುತ್ತದೆ, ನಮ್ಮ 'ತಣಿಸು' ಇದ್ದ ಹಾಗೆ. 'ಕ್ವೆಲ್' ಹೆಚ್ಚಾಗಿ ಗಲಭೆಗೆ, ಭಯಕ್ಕೆ, ವದಂತಿಗೆ, ನಮ್ಮ 'ಅಡಗಿಸು' ಇದ್ದ ಹಾಗೆ. ಮೇಣದಬತ್ತಿಯನ್ನು 'ಕ್ವೆಲ್' ಮಾಡಿದೆ ಎಂದರೆ ಕೇಳಿದವರು ತಬ್ಬಿಬ್ಬಾಗುತ್ತಾರೆ. ಪದ ಕಲಿತರೆ ಅದರ ಸಂಗಾತಿಯನ್ನೂ ಕರೆದುಕೊಂಡೇ ಬನ್ನಿ. ಒಂಟಿ ಪದ ಯಾವತ್ತೂ ಬರೆದುಕೊಳ್ಳಬೇಡಿ.

ಮೂರನೆಯದನ್ನು ಯಾರೂ ಕೇಳುವುದೇ ಇಲ್ಲ. ಇಂಥ ಬದುಕಿನ ಕಥೆಗಳಲ್ಲಿ ಎರಡು ದನಿ ಇರುತ್ತವೆ. ಒಂದು ಅಗ್ನಿಶಾಮಕನದು, ಇನ್ನೊಂದು ಅವನ ಬಗ್ಗೆ ಬರೆಯುವವರದು. 'ಹ್ಯಾರೋಯಿಂಗ್', 'ಇಂಟ್ರೆಪಿಡ್', 'ವ್ಯಾಲಿಯಂಟ್' ಇವೆಲ್ಲ ಸಾಮಾನ್ಯವಾಗಿ ಎರಡನೇ ದನಿಯವು. ಪ್ರಶಸ್ತಿ ಪತ್ರದಲ್ಲಿ, ಶ್ರದ್ಧಾಂಜಲಿಯಲ್ಲಿ, ವರದಿಯಲ್ಲಿ ಕಾಣುತ್ತವೆ. ಕೆಲಸ ಮಾಡಿದವನು ಸುಮ್ನೆ 'ಅವತ್ತು ಕಷ್ಟ ಆಯ್ತು' ಅಂತಾನೆ. 'ಇಂಟ್ರೆಪಿಡ್' ಎಂದರೆ ಎದೆಗಾರ. ಕೆಲಸದ ಅರ್ಜಿಯಲ್ಲಿ ತನ್ನನ್ನೇ ಹಾಗೆ ಕರೆದುಕೊಂಡವರನ್ನು ನಾನು ನೋಡಿದ್ದೇನೆ. ಅರ್ಥ ಸರಿ, ಬಾಯಿ ತಪ್ಪು. ಆ ಪದ ಇನ್ನೊಬ್ಬರು ಕೊಡುವ ಹಾರ, ನಾವೇ ಹಾಕಿಕೊಳ್ಳುವುದಲ್ಲ.

'ಹ್ಯಾರೋಯಿಂಗ್' ಬಗ್ಗೆ ಇನ್ನೊಂದು ಮಾತು. 'ಹ್ಯಾರೋ' ಎಂದರೆ ಹೊಲದಲ್ಲಿ ಹೆಂಟೆ ಒಡೆಯುವ ಕುಂಟೆ. ಮನಸ್ಸಿನ ಮೇಲೆ ಅದರ ಹಲ್ಲು ಹರಿದುಹೋದ ಹಾಗಿರುವ ಅನುಭವ 'ಹ್ಯಾರೋಯಿಂಗ್'. ಬಸ್ ತಪ್ಪಿದ್ದಕ್ಕೆ ಈ ಪದ ಬಳಸಬಾರದು ಅಂತ ಈಗ ನಿಮಗೇ ಗೊತ್ತಾಗುತ್ತದೆ.

ಪದದ ಅರ್ಥ ಅರ್ಧ ಗೊತ್ತಿದ್ದರೆ ಏನಾಗುತ್ತದೆ ಅನ್ನುವುದು ಬೆಂಕಿಯವರಿಗೆ ಚೆನ್ನಾಗಿ ಗೊತ್ತು. ಭಾಷಾಶಾಸ್ತ್ರದಲ್ಲಿ ದೊಡ್ಡ ಹೆಸರಾದ ಬೆಂಜಮಿನ್ ಲೀ ವೋರ್ಫ್ ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಅಮೆರಿಕದ ಅಗ್ನಿ ವಿಮಾ ಕಂಪನಿಯಲ್ಲಿ ಬೆಂಕಿ ತಡೆಯುವ ಕೆಲಸ. 1919ರಿಂದ 1941ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಆ ಕೆಲಸದಲ್ಲಿ ಅವರು ಗಮನಿಸಿದ್ದು ಇದು: ಪೆಟ್ರೋಲ್ ತುಂಬಿದ ಪೀಪಾಯಿಗಳ ಹತ್ತಿರ ಜನ ಹುಷಾರಾಗಿರುತ್ತಿದ್ದರು. 'ಎಂಪ್ಟಿ' ಎಂದು ಕರೆದ ಪೀಪಾಯಿಗಳ ಹತ್ತಿರ ಆ ಹುಷಾರು ಇರುತ್ತಿರಲಿಲ್ಲ, ಸಿಗರೇಟೂ ಸೇದುತ್ತಿದ್ದರು. ಒಳಗೆ ಉಳಿದಿರುತ್ತಿದ್ದ ಆವಿ ಮಾತ್ರ ತುಂಬಿದ ಪೀಪಾಯಿಗಿಂತ ಹೆಚ್ಚು ಅಪಾಯಕಾರಿ. 'ಇನ್‌ಫ್ಲೇಮಬಲ್' ಕಥೆಯೂ ಇಂಥದ್ದೇ. 'ಫ್ಲೇಮಬಲ್' ಅಂದರೂ 'ಇನ್‌ಫ್ಲೇಮಬಲ್' ಅಂದರೂ ಬೇಗ ಹೊತ್ತಿಕೊಳ್ಳುವಂಥದ್ದು ಅಂತಲೇ ಅರ್ಥ. ಮೊದಲಿನ 'ಇನ್' ನೋಡಿ ಹೊತ್ತಿಕೊಳ್ಳದ ವಸ್ತು ಅಂದುಕೊಳ್ಳುವ ಅಪಾಯ ಇದೆ. ಅದಕ್ಕೇ ಎಚ್ಚರಿಕೆ ಫಲಕಗಳಲ್ಲಿ ಈಗ 'ಫ್ಲೇಮಬಲ್' ಅಂತ ಬರೆಯುತ್ತಾರೆ.

ಹಂತ 5: ಪದವನ್ನು ಬೆಂಕಿಯಿಂದ ಹೊರಗೆ ತರುವುದು

ನನಗೆ ತುಂಬಾ ಇಷ್ಟವಾದ ಹಂತ ಇದು. ಕನ್ನಡ ಬಲ್ಲವರಿಗೆ ಇಲ್ಲಿ ದೊಡ್ಡ ಅನುಕೂಲ ಇದೆ. 'ಸ್ಮೋಲ್ಡರ್' ಎಂದರೆ ಜ್ವಾಲೆಯಿಲ್ಲದೆ ಒಳಗೊಳಗೇ ಉರಿಯುವುದು. ನಮ್ಮಲ್ಲಿ ಬೂದಿ ಮುಚ್ಚಿದ ಕೆಂಡ ಇದೆಯಲ್ಲ, ಅದೇ. ಹಾಗಾಗಿ 'ಸ್ಮೋಲ್ಡರಿಂಗ್ ರಿಸೆಂಟ್‌ಮೆಂಟ್' ಅಂದಾಗ ಯಾರೂ ವಿವರಿಸಬೇಕಿಲ್ಲ. ಅಣ್ಣತಮ್ಮಂದಿರ ನಡುವೆ ವರ್ಷಗಟ್ಟಲೆ ಹೊಗೆಯಾಡುವ ಅಸಮಾಧಾನ ಅದು. 'ಇಗ್ನೈಟ್' ಪದದ ಬೇರು ಲ್ಯಾಟಿನ್‌ನ 'ಇಗ್ನಿಸ್', ಅದು ನಮ್ಮ 'ಅಗ್ನಿ'ಯ ಒಡಹುಟ್ಟು. ಒಮ್ಮೆ ಕೇಳಿದರೆ ಸಾಕು.

'ರೀಕಿಂಡಲ್' ಇನ್ನೂ ಸೊಗಸು. ಅಗ್ನಿಶಾಮಕರ ಬಾಯಲ್ಲಿ ಇದು ಕೆಟ್ಟ ಸುದ್ದಿ. ಆರಿತು ಅಂದುಕೊಂಡ ಬೆಂಕಿ ಮತ್ತೆ ಹೊತ್ತಿಕೊಂಡಿತು ಎಂದು ಅರ್ಥ. ಅದು ಆಗಬಾರದೆಂದೇ ಗೋಡೆ, ಚಾವಣಿ ಒಡೆದು ಒಳಗೆ ಕೆಂಡ ಉಳಿದಿದೆಯೇ ಅಂತ ನೋಡುತ್ತಾರೆ. ಹೊರಗೆ ಬಂದರೆ ಅದೇ ಪದ ಹಳೆಯ ಸ್ನೇಹಕ್ಕೆ, ಸತ್ತುಹೋಗಿದ್ದ ಆಸಕ್ತಿಗೆ, ಆಸೆಗೆ ಸೇರುತ್ತದೆ. ಅಲ್ಲಿ ಅದು ಒಳ್ಳೆಯ ಸುದ್ದಿ. ನಿಮ್ಮ ಏಳು ಪದಗಳಲ್ಲಿ ಪ್ರತಿಯೊಂದಕ್ಕೂ ಬೆಂಕಿಯ ಒಳಗಿನ ಒಂದು ವಾಕ್ಯ, ಹೊರಗಿನ ಒಂದು ವಾಕ್ಯ ಬರೆಯಿರಿ. 'ಸ್ಕಾಲ್ಡ್' ತರಹದ ಪದಕ್ಕೆ ಹೊರಗಿನ ವಾಕ್ಯ ಅಡುಗೆಮನೆಯದ್ದಾದರೂ ಪರವಾಗಿಲ್ಲ.

ಹಂತ 6: ಕಾರ್ಡ್ ಮಾಡುವುದು

ಕಾಗದದ ಕಾರ್ಡ್, ಕೈಬರಹ. ಆ್ಯಪ್‌ಗಳು ಬೇಡವೇ ಬೇಡ ಅನ್ನುವವನು ನಾನು. ಪದ ಒಂದು ಕಡೆ, ಅರ್ಥ ಇನ್ನೊಂದು ಕಡೆ ತೋರಿಸಿ ಬೆರಳಾಡಿಸಿದರೆ ಹಳೆಯ ಪಟ್ಟಿಯೇ ಹೊಸ ಬಟ್ಟೆ ಹಾಕಿಕೊಂಡು ಬಂದ ಹಾಗೆ.

ಕಾರ್ಡಿನ ಮುಂದೆ ಪದ ಬರೆಯಬೇಡಿ. ದೃಶ್ಯ ಬರೆಯಿರಿ, ಕನ್ನಡದಲ್ಲಿ. 'ಮರುದಿನ ಬೆಳಗ್ಗೆ. ಜ್ವಾಲೆ ಇಲ್ಲ. ತೊಲೆಯ ಬಿರುಕಿನಲ್ಲಿ ಕೆಂಪು. ಎಳೆಯಾಗಿ ಹೊಗೆ.' ಹಿಂದೆ 'ಸ್ಮೋಲ್ಡರ್', ಕೆಳಗೆ ಸಂಗಾತಿಗಳು: ಅವಶೇಷ, ಬೂದಿ, ಅಸಮಾಧಾನ. ಮುಂದಿನ ದೃಶ್ಯ ಓದಿ ಹಿಂದಿನ ಪದ ಬಾಯಿಗೆ ಬರಬೇಕು.

1885ರಲ್ಲೇ ಜರ್ಮನಿಯ ಮನಶ್ಶಾಸ್ತ್ರಜ್ಞ ಎಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿ ತೋರಿಸಿದ ಹಾಗೆ, ಕಲಿತದ್ದು ಮೊದಲ ದಿನವೇ ಜಾಸ್ತಿ ಜಾರಿಹೋಗುತ್ತದೆ. ಹಾಗಾಗಿ ಮರುದಿನ, ಮೂರನೇ ದಿನ, ಏಳನೇ ದಿನ, ಹದಿನೈದನೇ ದಿನ ನೋಡಿ.

ಹಂತ 7: ಕಥೆ ಹೇಳುವುದು

ಏಳನೇ ದಿನ ಕಾರ್ಡ್ ಬದಿಗಿಟ್ಟು, ಆ ಅಗ್ನಿಶಾಮಕನ ಬದುಕನ್ನು ಮೂರು ನಿಮಿಷ ಇಂಗ್ಲಿಷ್‌ನಲ್ಲಿ ಜೋರಾಗಿ ಹೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಏಳೂ ಪದ ಬರಲೇಬೇಕು ಅಂತ ಹಟ ಬೇಡ. ನಾಲ್ಕು ತಾವಾಗಿ ಬಂದರೆ ಬಹಳ ಚೆನ್ನ. ತುರುಕಿದ ಪದ ಕೇಳುವಾಗ ನಿಮ್ಮ ಕಿವಿಗೇ ಚುಚ್ಚುತ್ತದೆ, ಅಂಥದ್ದನ್ನು ಮತ್ತೆ ನಾಲ್ಕನೇ ಹಂತಕ್ಕೆ ಕಳಿಸಿ. ಕನ್ನಡದಲ್ಲಿ ಯೋಚಿಸಿ ತಡವರಿಸಿದ ಜಾಗಗಳನ್ನೂ ಗುರುತು ಹಾಕಿಕೊಳ್ಳಿ. ಅಲ್ಲಿ ಸಾಮಾನ್ಯವಾಗಿ ಕೊರತೆ ಇರುವುದು ದೊಡ್ಡ ಪದದ್ದಲ್ಲ, ಎರಡು ಪದ ಜೋಡಿಸುವ ಚಿಕ್ಕ ಪದದ್ದು.

ಎರಡನೇ ಕಥೆಗೂ ಅಗ್ನಿಶಾಮಕರನ್ನೇ ಹಿಡಿಯಿರಿ, ವೈದ್ಯರ ಕಡೆಗೋ ಸೈನಿಕರ ಕಡೆಗೋ ಈಗಲೇ ಓಡಬೇಡಿ. ಬೇರೆ ಲೇಖಕರ ಕೈಯಲ್ಲಿ, ಬೇರೆ ಬೆಂಕಿಯಲ್ಲಿ ಈ ಏಳರಲ್ಲಿ ಕೆಲವು ಮತ್ತೆ ಎದುರಾಗುತ್ತವೆ. ಹಾಗೆ ಎದುರಾದ ಪದದ ಕಾರ್ಡನ್ನು ಕಟ್ಟಿನಿಂದ ತೆಗೆದುಬಿಡಿ. ಖಾಲಿಯಾದ ಜಾಗಕ್ಕೆ ಹೊಸ ಕಥೆಯಿಂದ ಅಷ್ಟೇ ಪದ ತನ್ನಿ.