ಲಗ್ನದ ತಿಂಗಳು, ಹೆರಿಗೆಯ ತಿಂಗಳು: ನಂಟು ಅಳೆಯುವ ಬಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹಳ್ಳಿಗಳಲ್ಲಿ ದಾಂಪತ್ಯಕ್ಕೂ ಮಕ್ಕಳಾಗುವುದಕ್ಕೂ ಇರುವ ನಂಟನ್ನು ಅಳೆಯಲು ಹೊರಟವರು ಮೊದಲು ತಿಂಗಳು ಸರಿ ಮಾಡಿಕೊಳ್ಳಬೇಕು. ಮಾಡೆಲ್ (ನಂಟನ್ನು ಅಳೆಯುವ ಸಮೀಕರಣ) ಆಮೇಲೆ.

“ಅಕ್ಕಾರ, ಲಗ್ನ ಯಾವಾಗ ಆತ್ರಿ?” ಎಂದರೆ “ಕಾರ ಹುಣ್ಣಿವಿ ಮುಂದ” ಎಂಬ ಉತ್ತರ ಬರಬಹುದು. ಆ ವರ್ಷದ ಪಂಚಾಂಗ ನೋಡಿ ತಿಂಗಳು ಬರೆದುಕೊಳ್ಳಿ. ಎಳೆಯ ವಯಸ್ಸಿನಲ್ಲಿ ಲಗ್ನವಾಗಿದ್ದರೆ ಗಂಡನ ಮನೆಗೆ ನಡೆಯಲು ಹೋದ ತಿಂಗಳನ್ನೂ ಕೇಳಿ. ಎಣಿಕೆ ಶುರುವಾಗುವುದು ಅಲ್ಲಿಂದ.

ಪ್ರತಿ ತಿಂಗಳಿಗೂ ಒಂದು ಕ್ರಮಸಂಖ್ಯೆ ಕೊಡಲು ಇಸವಿಯಲ್ಲಿ 1900 ಕಳೆದು, 12ರಿಂದ ಗುಣಿಸಿ, ತಿಂಗಳ ಸಂಖ್ಯೆ ಕೂಡಿಸಿ. ಮೇ 2012ರಲ್ಲಿ ನಡೆಯಲು ಹೋದವಳಿಗೆ 1349. ಮೊದಲ ಹೆರಿಗೆ ಆಗಸ್ಟ್ 2014, ಅಂದರೆ 1376. ಸಂದರ್ಶನ ನವೆಂಬರ್ 2019, 1439. ಹೆರಿಗೆಯಿಂದ 9 ಕಳೆದರೆ ಬಸಿರಾದ ತಿಂಗಳು 1367. ಈಗ ತಿಂಗಳಿಗೊಂದು ಸಾಲು ಮಾಡಿ: 1349ರಿಂದ 1367ರವರೆಗೆ 19 ಸಾಲು, ಬಸಿರಾದ ಕೊನೆಯದಕ್ಕೆ 1, ಉಳಿದವಕ್ಕೆ 0.

ಎರಡನೆಯ ಕೂಸು ಇನ್ನೂ ಇಲ್ಲವೆಂದು ಆಕೆಯನ್ನು ಬಿಡಬೇಡಿ. ಬಿಟ್ಟರೆ ಬೇಗ ಹೆತ್ತವರಷ್ಟೇ ಉಳಿದು ಅಂತರ ಗಿಡ್ಡವಾಗಿ ಕಾಣುತ್ತದೆ. 1377ರಿಂದ ಸಂದರ್ಶನದವರೆಗೆ 63 ಸಾಲು. ಸಂದರ್ಶನದ ತಿಂಗಳು, ಅದರ ಹಿಂದಿನ 9 ತಿಂಗಳು ತೆಗೆಯಿರಿ, ಏಕೆಂದರೆ ಆಗ ಬಸಿರಾಗಿದ್ದರೂ ಹೆರಿಗೆಯ ಪಟ್ಟಿಯಲ್ಲಿ ಅದು ಕಾಣದು. ಉಳಿದ 53ಕ್ಕೂ 0.

ಈ ಸಾಲುಗಳ ಮೇಲೆ ಕಾಂಪ್ಲಿಮೆಂಟರಿ ಲಾಗ್-ಲಾಗ್ ರಿಗ್ರೆಶನ್ (ಆಯಾ ತಿಂಗಳು ಬಸಿರಾಗುವ ಸಂಭವವನ್ನು ಅಂದಾಜಿಸುವ ಮಾಡೆಲ್) ಓಡಿಸಿ. ಆರ್ ಎಂಬ ಅಂಕಿಅಂಶ ತಂತ್ರಾಂಶದ ಜಿಎಲ್ಎಂ ಆದೇಶ ಸಾಕು. ಎಣಿಕೆ ಶುರುವಾದ ಮೇಲೆ ಕಳೆದ ಅವಧಿಯನ್ನು 0–5, 6–11, 12–23, 24–35 ತಿಂಗಳು, ಅದರ ಮೇಲಿನದು ಎಂದು ತುಂಡು ಮಾಡಿ ಸೇರಿಸಿ.

ಹೆಚ್ಚು ಕೆಡುವುದು ಮುಂದಿನದನ್ನು ತಂದು ಹಿಂದಿನದಕ್ಕೆ ಕಾರಣ ಮಾಡಿದಾಗ. ಗಂಡ-ಹೆಂಡತಿ ಬೇರಾಗುವ ಮಾಡೆಲ್‌ಗೆ ಸಂದರ್ಶನದ ದಿನದ ಒಟ್ಟು ಮಕ್ಕಳ ಸಂಖ್ಯೆ ಹಾಕಿದರೆ ಮಕ್ಕಳೇ ಸಂಸಾರ ಉಳಿಸಿದಂತೆ ಕಾಣುತ್ತದೆ. ಬಹಳ ವರ್ಷ ಕೂಡಿ ಬಾಳಿದ್ದಕ್ಕೇ ಮಕ್ಕಳು ಹೆಚ್ಚಾಗಿರಬಹುದು. ಆಯಾ ತಿಂಗಳ ಸಾಲಿಗೆ ಆ ತಿಂಗಳಲ್ಲಿದ್ದ ಮಕ್ಕಳನ್ನೇ ಬರೆಯಿರಿ. ಓದಿಗೂ ಇದೇ ನಿಯಮ.

ನಮ್ಮ ಕಡೆ ಇನ್ನೊಂದು ಬಲೆ ಇದೆ. ಕುಬುಸ ಮುಗಿಸಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋದವಳು ತಿಂಗಳುಗಟ್ಟಲೆ ಅಲ್ಲಿರುತ್ತಾಳೆ. ಮನೆಯಲ್ಲಿ ಯಾರಿದ್ದಾರೆ ಎಂಬ ಪಟ್ಟಿ ನೋಡಿ ‘ಬೇರೆ ಇದ್ದಾಳೆ’ ಎಂದು ಬರೆದರೆ ಹೆರಿಗೆಯೇ ಸಂಸಾರ ಒಡೆದಂತೆ ಲೆಕ್ಕ ಬರುತ್ತದೆ. ಗಂಡ ದುಡಿಯಲು ಗೋವಾಕ್ಕೋ ಕಬ್ಬು ಕಡಿಯಲೋ ಹೋಗಿದ್ದರೂ ಹಾಗೆಯೇ. ಬಾಣಂತನ, ದುಡಿಮೆ, ಬಿಟ್ಟಿರುವುದು ಎಂದು ಮೂರು ಕೋಡ್ ಇಡಿ. ಕೋರ್ಟಿನ ವಿಚ್ಛೇದನ ಒಂದನ್ನೇ ಎಣಿಸಿದರೆ ಸುಮ್ಮನೆ ತವರಿಗೆ ಬಂದು ಕುಳಿತವರು ಲೆಕ್ಕದಿಂದ ಮಾಯವಾಗುತ್ತಾರೆ.

ಸಂಸಾರ ಉಳಿಯದೆಂಬ ಅನುಮಾನ ಇದ್ದವರು ಕೂಸನ್ನು ಮುಂದೂಡಬಹುದು. ಅದಕ್ಕೆ ಅರ್ಥಶಾಸ್ತ್ರಜ್ಞ ಲಿಲಾರ್ಡ್ 1993ರಲ್ಲಿ ತೋರಿಸಿದ ದಾರಿ ಇದೆ: ಹೆರಿಗೆಗೊಂದು, ಬೇರಾಗುವುದಕ್ಕೊಂದು ಸಮೀಕರಣ ಬರೆದು, ಎರಡರಲ್ಲೂ ಪ್ರತಿ ಹೆಂಗಸಿಗೆ ರ್‍ಯಾಂಡಮ್ ಎಫೆಕ್ಟ್ (ಅಳೆಯದೆ ಉಳಿದ ಅವಳದೇ ಗುಣಗಳಿಗೊಂದು ಪದ) ಇಟ್ಟು, ಅವೆರಡರ ಸಹಸಂಬಂಧವನ್ನೂ (ಎರಡೂ ಎಷ್ಟು ಕೂಡಿ ಏರಿಳಿಯುತ್ತವೆ ಎಂದು ಹೇಳುವ, −1ರಿಂದ 1ರವರೆಗಿನ ಸಂಖ್ಯೆ) ಅಂದಾಜಿಸುವುದು. ಬೇರಾದವರು ಕೆಲವೇ ಮಂದಿ ಇದ್ದರೆ ಈ ಸಂಖ್ಯೆ 1ಕ್ಕೋ −1ಕ್ಕೋ ಹೋಗಿ ಅಂಟಿಕೊಳ್ಳುತ್ತದೆ. ಆಗ ಅದನ್ನು ನಂಬಬೇಡಿ. ಮೂರೂ ಜಿಲ್ಲೆ ಕೂಡಿಸಿ ಮತ್ತೆ ಓಡಿಸಿ.

ಹಳೆಯ ಅಂಕಿಅಂಶ ಜೋಡಿಸುವಾಗ ಜಿಲ್ಲೆಯ ಗಡಿ ನೋಡಿ. ಬಾಗಲಕೋಟೆ ಬೇರೆಯಾದದ್ದು 1997ರಲ್ಲಿ. 1991ರ ಜನಗಣತಿಯ ‘ಬಿಜಾಪುರ’ದೊಳಗೆ ಎರಡೂ ಇವೆ.